ಸೀಸನ್ ಬಂತು, ನಮ್ಮ ಗಡಿಯಾರ ಬದಲಿಸೋಣ



ಕೊಲ್ವಾ ಬೀಚಿಗೆ ಬಿದಿರು ಬಂದಿಳಿದಿದೆ. ಕಳೆದ ವಾರ ಸಂಜೆ ಅತ್ತ ಹೋದಾಗ ಮರಳಿನ ಮೇಲೆ ಗಳಗಳನ್ನು ಸಾಲಾಗಿ ಮಲಗಿಸಿದ್ದರು. ಪಕ್ಕದಲ್ಲಿ ತೆಂಗಿನ ಗರಿಯ ತಟ್ಟಿಗಳ ರಾಶಿ. ಹಗ್ಗ ಕಟ್ಟುತ್ತಿದ್ದ ನಾಲ್ವರಲ್ಲಿ ಮೂವರು ಕನ್ನಡದಲ್ಲೇ ಮಾತಾಡುತ್ತಿದ್ದರು. ಅವರಲ್ಲಿ ಇಬ್ಬರು ನಮ್ಮ ಗಾನವೃಂದದವರು. ನಮ್ಮನ್ನು ನೋಡಿ ನಕ್ಕರು, ಆಮೇಲೆ ಸ್ವಲ್ಪ ಮುಖ ತಗ್ಗಿಸಿದರು. ಯಾಕೆಂದು ನಮಗೂ ಗೊತ್ತಿತ್ತು. ಆ ಭಾನುವಾರ ಅಭ್ಯಾಸಕ್ಕೆ ಅವರು ಬಂದಿರಲಿಲ್ಲ. ಇನ್ನು ಮೇ ತಿಂಗಳವರೆಗೆ ಬರುವುದೂ ಕಷ್ಟ.

ಮಳೆಗಾಲದಲ್ಲಿ ನಮ್ಮ ಗಾನವೃಂದದಲ್ಲಿ 22 ಜನ ಇದ್ದೆವು. ಕಳೆದ ಭಾನುವಾರ ಒಂಬತ್ತು. ಹಾರ್ಮೋನಿಯಂ ಮುಂದೆ ಕೂತಿದ್ದ ಹಿರಿಯರೊಬ್ಬರು ಬೇಸರದಿಂದ ಹೇಳಿದರು: "ಮಳಿಗಾಲದಾಗ ದೇವರು ಬೇಕು, ಸೀಸನ್ ಬಂತಂದ್ರ ರೊಕ್ಕ ಬೇಕು. ಈಗಿನ ಹುಡುಗರದ್ದು ಇಷ್ಟರಿ." ಅವರ ಮಾತಿನಲ್ಲಿ ಪ್ರೀತಿ ಇರಲಿಲ್ಲ ಎಂದು ನಾವು ಹೇಳುವುದಿಲ್ಲ. ಮೂವತ್ತು ವರ್ಷದಿಂದ ಈ ಸಮುದಾಯವನ್ನು ಹಿಡಿದು ನಿಲ್ಲಿಸಿದವರಲ್ಲಿ ಅವರೂ ಒಬ್ಬರು. ಆದರೂ ಆ ಮಾತು ಸರಿಯಲ್ಲ ಎಂದು ನಮಗೆ ಅನಿಸಿತು. ಅದನ್ನು ಅಲ್ಲೇ ಎದುರು ಹೇಳುವ ಧೈರ್ಯ ಬರಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇವೆ.

ನಮ್ಮ ಅಭಿಪ್ರಾಯ ಇಷ್ಟೇ. ಸೀಸನ್‌ನಲ್ಲಿ ನಮ್ಮ ಯುವಜನರು ಚರ್ಚನ್ನು ಬಿಟ್ಟು ಹೋಗುತ್ತಿಲ್ಲ. ಅವರು ಬರಲು ಸಾಧ್ಯವೇ ಇಲ್ಲದ ಹೊತ್ತಿನಲ್ಲಿ ನಾವು ಎಲ್ಲ ಕಾರ್ಯಕ್ರಮಗಳನ್ನು ಇಟ್ಟುಕೊಂಡು ಕೂತಿದ್ದೇವೆ. ಈ ವರ್ಷ ಅವರನ್ನು ಬೈಯುವ ಬದಲು ನಮ್ಮ ಗಡಿಯಾರವನ್ನು ಬದಲಿಸೋಣ.

ಸೀಸನ್ ಎಂದರೆ ನಮ್ಮ ಮನೆಗಳಲ್ಲಿ ಏನು?

ಹೊರಗಿನಿಂದ ಬಂದವರಿಗೆ ಗೋವಾದ ಸೀಸನ್ ಎಂದರೆ ಬಿಸಿಲು, ಸಮುದ್ರ, ಸಂಗೀತ. ನಮ್ಮ ಮನೆಗಳಲ್ಲಿ ಅದರ ಅರ್ಥ ಬೇರೆ. ಅಕ್ಟೋಬರ್‌ನಲ್ಲಿ ವಿದೇಶಿ ವಿಮಾನಗಳು ಬರಲು ಶುರುವಾಗುತ್ತವೆ. ಡಿಸೆಂಬರ್ ಕೊನೆಯ ಹತ್ತು ದಿನ ಕಾಲಿಡಲು ಜಾಗ ಇರುವುದಿಲ್ಲ. ಮೇ ಕೊನೆಗೆ ಶ್ಯಾಕ್‌ಗಳನ್ನು ಬಿಚ್ಚಲೇಬೇಕು, ಮಳೆಗಾಲದಲ್ಲಿ ಅವು ಮರಳಿನ ಮೇಲೆ ಇರುವಂತಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಂತ್ರದ ದೋಣಿಗಳ ಮೀನುಗಾರಿಕೆಯೂ ಬಂದ್. ಅಂದರೆ ಎಂಟು ತಿಂಗಳು ದುಡಿದದ್ದನ್ನೇ ಹನ್ನೆರಡು ತಿಂಗಳು ಉಣ್ಣಬೇಕು.

ಗೋವಾದವರು ಇದನ್ನು ಹಿಂದಿನಿಂದಲೂ ಬಲ್ಲರು. ಮಳೆಗಾಲಕ್ಕೆ ಮುಂಚೆ ಒಣಮೀನು, ಮೆಣಸಿನಕಾಯಿ, ಹುಣಸೆ, ಕೋಕಂ ಎಲ್ಲ ತುಂಬಿಡುವುದಕ್ಕೆ ಪುರುಮೆಂತ್ ಎನ್ನುತ್ತಾರೆ. ಮಡಗಾಂವ್‌ನ ಪವಿತ್ರಾತ್ಮರ ಚರ್ಚಿನ ಹಬ್ಬದ ಸಂತೆಗೆ ಅದೇ ಹೆಸರು ಅಂಟಿಕೊಂಡಿದೆ. ಹಬ್ಬವೂ ಹೊಟ್ಟೆಪಾಡೂ ಒಂದೇ ದಿನ, ಒಂದೇ ಅಂಗಳದಲ್ಲಿ. ಯಾರೂ ಅದನ್ನು ತಪ್ಪು ಎನ್ನಲಿಲ್ಲ.

1961ರಲ್ಲಿ ಗೋವಾ ಭಾರತಕ್ಕೆ ಸೇರಿದ ನಂತರದ ದಶಕಗಳಲ್ಲಿ ನಮ್ಮ ಅಜ್ಜ ಅಜ್ಜಿಯರು ಗದಗ, ಹುಬ್ಬಳ್ಳಿ, ಬಾಗಲಕೋಟೆ, ಬೆಳಗಾವಿ ಕಡೆಯಿಂದ ಘಟ್ಟ ಇಳಿದು ಬಂದರು. ಬಂದರಿನ ಕೆಲಸ, ರಸ್ತೆ ಕೆಲಸ, ಕಟ್ಟಡದ ಕೆಲಸ. ಈಗ ಮಡಗಾಂವ್‌ನಿಂದ ಕೊಲ್ವಾ, ಬೆನಾಲಿಂವರೆಗೆ ಹರಡಿರುವ ನಮ್ಮ ಮನೆಗಳಲ್ಲಿ ಮೂರನೇ ತಲೆಮಾರು ಬೆಳೆಯುತ್ತಿದೆ. ನಮ್ಮಲ್ಲಿ ನರ್ಸ್ ಇದ್ದಾರೆ, ಬ್ಯಾಂಕಿನವರು ಇದ್ದಾರೆ, ಬಿಎಸ್ಸಿ ಮುಗಿಸಿ ಲ್ಯಾಬ್ ಕೆಲಸ ಹುಡುಕುವವರೂ ಇದ್ದೇವೆ. ಆದರೆ ಅರ್ಧಕ್ಕಿಂತ ಹೆಚ್ಚು ಮನೆಗಳ ಅನ್ನ ಈಗಲೂ ಈ ಬೀಚಿನಿಂದಲೇ ಬರುತ್ತದೆ. ಅಣ್ಣ ಶ್ಯಾಕ್‌ನಲ್ಲಿ ವೇಟರ್, ಅಕ್ಕ ಹೋಟೆಲಿನಲ್ಲಿ ರೂಮ್ ಕ್ಲೀನಿಂಗ್, ಅಪ್ಪ ಟ್ಯಾಕ್ಸಿ, ಅವ್ವ ಲಾಂಡ್ರಿ. ಸೀಸನ್‌ನಲ್ಲಿ ಭಾನುವಾರದ ರಜೆ ಕೇಳಿದರೆ ಮಾಲೀಕರು ಸೋಮವಾರದಿಂದಲೂ ಬರಬೇಡ ಎನ್ನುತ್ತಾರೆ.

ಎರಡು ಕ್ಯಾಲೆಂಡರ್‌ಗಳು ಡಿಕ್ಕಿ ಹೊಡೆಯುವ ತಿಂಗಳು

ಧರ್ಮಸಭೆಯ ವರ್ಷ ಆಗಮನ ಕಾಲದಿಂದ ಶುರುವಾಗುತ್ತದೆ. ಕಾಯುವ ಕಾಲ, ಮನಸ್ಸು ನಿಧಾನ ಮಾಡಿಕೊಳ್ಳುವ ಕಾಲ. ನಮ್ಮ ಊರಿನಲ್ಲಿ ಅದೇ ನಾಲ್ಕು ವಾರ ಯಾರಿಗೂ ಕೂರಲು ಪುರುಸೊತ್ತಿಲ್ಲ. ಕ್ರಿಸ್ತಜಯಂತಿಗೆ ಇಡೀ ದೇಶ ಗೋವಾಕ್ಕೆ ಬರುತ್ತದೆ. ಆ ಹಬ್ಬವನ್ನು ನಿಜವಾಗಿ ಆಚರಿಸಬೇಕಾದ ನಮ್ಮ ಹುಡುಗರು ಬಂದವರಿಗೆ ಪ್ಲೇಟು ಹಚ್ಚುತ್ತಿರುತ್ತಾರೆ. ಯೇಸುಕಂದನ ಜನನದ ರಾತ್ರಿ ನಮ್ಮ ಒಬ್ಬ ತಮ್ಮ ಸಾಂತಾ ಟೊಪ್ಪಿಗೆ ಹಾಕಿಕೊಂಡು ಹದಿನಾಲ್ಕು ಟೇಬಲ್ ನೋಡಿಕೊಂಡ. ಫೋಟೋ ನೋಡಿ ನಾವೆಲ್ಲ ನಕ್ಕೆವು. ಅವನಿಗೆ ನಗು ಬರಲಿಲ್ಲ.

ಕಳೆದ ಡಿಸೆಂಬರ್‌ನ ಒಂದು ಸಂಗತಿಯನ್ನು ಹೇಳಲೇಬೇಕು. ಅದು ನಮ್ಮದೇ ತಪ್ಪು. ಕ್ಯಾರಲ್ ತಂಡ 22ನೇ ತಾರೀಕಿನಿಂದ ಮನೆ ಮನೆಗೆ ಹೊರಟಿತ್ತು. ಸಂಜೆ ಏಳಕ್ಕೆ ಶುರು, ಹತ್ತೂವರೆಗೆ ಮುಕ್ತಾಯ. ಕೊನೆಯ ದಿನ ಹಾಡು ಮುಗಿದು, ಕೇಕ್ ಹಂಚಿ, ಡೋಲಕ್ ಚೀಲಕ್ಕೆ ಹಾಕಿ ಬೀಗ ಹಾಕುವ ಹೊತ್ತಿಗೆ ಒಬ್ಬ ಹುಡುಗ ಸೈಕಲ್ ಮೇಲೆ ಬಂದ. ಮೈಮೇಲೆ ಶ್ಯಾಕ್‌ನ ಯೂನಿಫಾರ್ಮ್, ಕೈಯಲ್ಲಿ ಹುರಿದ ಮೀನಿನ ವಾಸನೆ. ವರ್ಷವಿಡೀ ನಮ್ಮಲ್ಲಿ ಎಲ್ಲರಿಗಿಂತ ಚೆನ್ನಾಗಿ ಹಾಡುವವನು ಅವನೇ. "ಮುಗೀತೇನ್ರಿ ಅಣ್ಣಾ?" ಎಂದು ಕೇಳಿದ. "ಮುಗೀತಪಾ, ಮುಂದಿನ ವರ್ಷ ಲಗೂನ ಬಾ" ಎಂದೆವು. ಅವನು "ಹೂಂ" ಎಂದು ಸೈಕಲ್ ತಿರುಗಿಸಿಕೊಂಡು ಹೋದ. ಕೇಕ್ ತಗೊಂಡು ಹೋಗು ಎನ್ನಲೂ ನಮಗೆ ನೆನಪಾಗಲಿಲ್ಲ.

ಮುಂದಿನ ಮೂರು ತಿಂಗಳು ಅವನು ಕಾಣಲೇ ಇಲ್ಲ. ತಪಸ್ಸುಕಾಲದಲ್ಲಿ ಅವನ ಅವ್ವ ಸಿಕ್ಕಾಗ ಕೇಳಿದೆವು. "ಅವಾ ಏನೂ ಸಿಟ್ಟಾಗಿಲ್ಲ. ಅಲ್ಲಿ ಎಲ್ಲಾ ಮುಗದ ಮ್ಯಾಲೆ ನಾ ಹೋಗೋದು, ಮತ್ತ ಯಾಕ ಹೋಗ್ಲಿ ಅಂತಾನ" ಎಂದರು. ಆ ಮಾತು ನಮ್ಮನ್ನು ಬಿಟ್ಟಿಲ್ಲ.

ಲೂಕನ ಶುಭಸಂದೇಶದಲ್ಲಿ ಕ್ರಿಸ್ತಜಯಂತಿಯ ಸುದ್ದಿ ಮೊದಲು ತಲುಪಿದ್ದು ಯಾರಿಗೆ? ರಾತ್ರಿ ಪಾಳಿಯಲ್ಲಿ ಇದ್ದವರಿಗೆ. ಕುರುಬರು ಹೊಲದಲ್ಲಿ ಕಾವಲು ಕಾಯುತ್ತಿದ್ದರು. ಕೆಲಸ ಬಿಟ್ಟು ಏಳಕ್ಕೆ ಸರಿಯಾಗಿ ಹಾಲ್‌ಗೆ ಬನ್ನಿ ಎಂದು ದೂತರು ಹೇಳಲಿಲ್ಲ, ಅವರಿದ್ದ ಹೊಲಕ್ಕೇ ಹೋದರು. ಮತ್ತಾಯನ ಶುಭಸಂದೇಶದ 20ನೇ ಅಧ್ಯಾಯದ ದ್ರಾಕ್ಷಿತೋಟದ ಯಜಮಾನನೂ ಹಾಗೆಯೇ. ಕೂಲಿಯವರನ್ನು ಹುಡುಕಿಕೊಂಡು ದಿನಕ್ಕೆ ಐದು ಸಲ ತಾನೇ ಪೇಟೆಗೆ ಹೋದ. ಕೊನೆಗೆ ಬಂದವನಿಗೂ ಪೂರ್ತಿ ಕೂಲಿ ಕೊಟ್ಟ. ನಾವು ಕೊನೆಗೆ ಬಂದವನಿಗೆ ಕೇಕನ್ನೂ ಕೊಡಲಿಲ್ಲ.

ಏನು ಬದಲಿಸಬಹುದು?

ಮಳೆಗಾಲದಲ್ಲಿ ನಾವು ಒಂದು ಸಣ್ಣ ಕೆಲಸ ಮಾಡಿದೆವು. ನಮ್ಮ ಯುವ ಸಂಘಟನೆಯ ಪ್ರತಿಯೊಬ್ಬರ ಸೀಸನ್ ದಿನಚರಿಯನ್ನು ಒಂದು ಹಾಳೆಯಲ್ಲಿ ಬರೆದುಕೊಂಡೆವು. ಯಾರು ಎಷ್ಟು ಹೊತ್ತಿಗೆ ಕೆಲಸಕ್ಕೆ ಹೋಗುತ್ತಾರೆ, ಯಾವಾಗ ಬಿಡುವು, ಯಾವ ದಿನ ವಾರದ ರಜೆ. ಬರೆದು ನೋಡಿದರೆ ಚಿತ್ರ ಸ್ಪಷ್ಟವಾಯಿತು. ಶ್ಯಾಕ್‌ನಲ್ಲಿ ಕೆಲಸ ಮಾಡುವವರಿಗೆ ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಮೂರೂವರೆವರೆಗೆ ಪುರುಸೊತ್ತಿಲ್ಲ. ಆಮೇಲೆ ಐದೂವರೆವರೆಗೆ ಸ್ವಲ್ಪ ಉಸಿರು. ಸೂರ್ಯ ಮುಳುಗುವ ಹೊತ್ತಿಗೆ ಮತ್ತೆ ಶುರು, ರಾತ್ರಿ ಹನ್ನೊಂದು ಹನ್ನೆರಡರವರೆಗೆ. ಹೋಟೆಲ್ ರೂಮ್ ಕೆಲಸದವರು ಐದಕ್ಕೆ ಬಿಡುತ್ತಾರೆ. ವಾರದ ರಜೆ ಬಹಳ ಜನರಿಗೆ ಸೋಮವಾರ ಅಥವಾ ಮಂಗಳವಾರ. ಭಾನುವಾರ ಸಂಜೆ ಯಾರಿಗೂ ಇಲ್ಲ. ನಮ್ಮ ಗಾನ ಅಭ್ಯಾಸ, ಯುವ ಸಭೆ, ತಿಂಗಳ ಕನ್ನಡ ಪ್ರಾರ್ಥನಾ ಕೂಟ ಮೂರೂ ಇರುವುದು ಭಾನುವಾರ ಸಂಜೆಯೇ!

ಹಾಗಾಗಿ ನಮ್ಮ ಪ್ರಸ್ತಾಪ ಹೀಗಿದೆ.

ಒಂದು, ಅಕ್ಟೋಬರ್‌ನಿಂದ ಮೇವರೆಗೆ ಗಾನ ಅಭ್ಯಾಸ ಮಂಗಳವಾರ ಮಧ್ಯಾಹ್ನ 3.45ರಿಂದ 5ರವರೆಗೆ ಇರಲಿ. ಮಡಗಾಂವ್‌ನ ಹಾಲ್ ಬೇಡ, ಬೀಚಿಗೆ ಹತ್ತಿರದ ಯಾವುದಾದರೂ ಒಂದು ಮನೆಯ ಅಂಗಳ ಸಾಕು. ಕೆಲಸದ ಯೂನಿಫಾರ್ಮ್‌ನಲ್ಲೇ ಬರಲಿ, ಯಾರೂ ಏನೂ ಅನ್ನಬಾರದು.

ಎರಡು, ಕ್ಯಾರಲ್ ತಂಡ 22ರಿಂದ 24ರ ಬದಲು ಡಿಸೆಂಬರ್ 9ರಿಂದ 17ರ ಒಳಗೆ ಹೊರಡಲಿ. ಆಗ ಇನ್ನೂ ಕೊನೆಯ ವಾರದ ಗದ್ದಲ ಶುರುವಾಗಿರುವುದಿಲ್ಲ. ಒಂದು ರಾತ್ರಿಯನ್ನು ಮಾತ್ರ 24ರ ನಂತರಕ್ಕೆ ಇಟ್ಟುಕೊಳ್ಳೋಣ. ಆ ರಾತ್ರಿ ಹನ್ನೆರಡರ ಹೊತ್ತಿಗೆ ಕೆಲಸ ಬಿಟ್ಟು ಬರುವವರಿಗಾಗಿಯೇ ಒಂದು ಮನೆಯಲ್ಲಿ ಗೋದಲಿಯ ಮುಂದೆ ಎರಡು ಹಾಡು, ಒಂದು ಪ್ರಾರ್ಥನೆ, ಬಿಸಿ ಚಹಾ. ಡೋಲಕ್ ಬೇಡ, ಅಕ್ಕಪಕ್ಕದವರ ನಿದ್ದೆ ಕೆಡಿಸುವುದು ಬೇಡ.

ಮೂರು, ಜೋಡಿ ವ್ಯವಸ್ಥೆ. ಕಾಲೇಜಿಗೆ ಹೋಗುವವರು, ಆಫೀಸಿನಲ್ಲಿ ಇರುವವರು ತಲಾ ಒಬ್ಬ ಸೀಸನ್ ಕೆಲಸಗಾರರನ್ನು ತಮ್ಮ ಜೋಡಿಯಾಗಿ ಮಾಡಿಕೊಳ್ಳಲಿ. ವಾರಕ್ಕೊಂದು ಫೋನ್. ಯಾಕೆ ಬರಲಿಲ್ಲ ಎಂದು ಕೇಳುವುದಕ್ಕಲ್ಲ. ಊಟ ಆಯ್ತಾ, ಸಂಬಳ ಬಂತಾ, ಮೈ ಹುಷಾರಿದೆಯಾ ಎಂದು ಕೇಳುವುದಕ್ಕೆ.

ಹಿರಿಯರ ಆಕ್ಷೇಪಗಳು

ಇದನ್ನು ಬಾಯಿಮಾತಿನಲ್ಲಿ ಹೇಳಿದಾಗ ಕೆಲವು ಆಕ್ಷೇಪಗಳು ಬಂದವು. ಅವನ್ನು ಮುಚ್ಚಿಡುವುದಿಲ್ಲ.

ಆಗಮನ ಕಾಲದ ಮಧ್ಯದಲ್ಲಿ ಕ್ರಿಸ್ತಜಯಂತಿ ಹಾಡು ಹಾಡಬಾರದು ಎಂದು ಒಬ್ಬ ದೊಡ್ಡಮ್ಮ ಹೇಳಿದರು. ಅದು ನ್ಯಾಯವಾದ ಮಾತು. ಹಾಗಾದರೆ ಆ ದಿನಗಳಲ್ಲಿ ಆಗಮನ ಕಾಲದ ಹಾಡುಗಳನ್ನೇ ಒಯ್ಯೋಣ. ಕಾಯುವ ಹಾಡುಗಳು ನಮ್ಮ ಪುಸ್ತಕದಲ್ಲಿ ಬೇಕಾದಷ್ಟಿವೆ, ಅವನ್ನು ಹಾಡುವವರೇ ಕಡಿಮೆಯಾಗಿದ್ದಾರೆ.

ಹೀಗೆ ಸಡಿಲ ಬಿಟ್ಟರೆ ನಾಳೆ ಬಲಿಪೂಜೆಗೂ ಬರುವುದಿಲ್ಲ ಎಂಬುದು ಇನ್ನೊಂದು ಮಾತು. ಬಲಿಪೂಜೆಯ ಹೊತ್ತನ್ನು ಬದಲಿಸುವುದು ನಮ್ಮ ಕೈಯಲ್ಲಿಲ್ಲ. ಅದು ಗುರುಗಳಿಗೆ ಬಿಟ್ಟದ್ದು. ಆದರೆ ಸೀಸನ್ ಕೆಲಸಗಾರರಿಗೆ ಅನುಕೂಲವಾಗುವ ಬೆಳಗಿನ ಮೊದಲ ಪೂಜೆ, ಶನಿವಾರ ಸಂಜೆಯ ಪೂಜೆ ಸುತ್ತಮುತ್ತ ಎಲ್ಲೆಲ್ಲಿ ಇದೆ ಎಂಬ ಪಟ್ಟಿಯನ್ನು ನಾವೇ ಮಾಡಿ ಪ್ರತಿಯೊಬ್ಬರ ಫೋನಿಗೆ ಕಳಿಸಬಹುದು. ಕಟ್ಟು ಬಿಗಿ ಮಾಡಿ ಹತ್ತು ವರ್ಷ ನೋಡಿದೆವು. ಒಂಬತ್ತು ಜನ ಉಳಿದರು.

ಮೂರನೆಯ ಆಕ್ಷೇಪ ನಮ್ಮ ಸ್ನೇಹಿತರಿಂದಲೇ ಬಂತು. "ನಮಗೆ ಆ ಎರಡು ತಾಸು ಮಲಗಾಕ ಬೇಕು, ಹಾಡಾಕಲ್ಲ" ಎಂದ ಒಬ್ಬ. ಅದಕ್ಕೆ ನಮ್ಮಲ್ಲಿ ಉತ್ತರವಿಲ್ಲ. ಮಲಗಬೇಕಾದವರು ಮಲಗಲಿ. ಬಾಗಿಲು ತೆರೆದಿದೆ ಎಂದು ಗೊತ್ತಿದ್ದರೆ ಸಾಕು.

ಎರಡು ವಿಷಯದಲ್ಲಿ ನಾವು ಬಗ್ಗುವುದಿಲ್ಲ

ಗಡಿಯಾರ ಬದಲಿಸೋಣ ಎಂದರೆ ಎಲ್ಲವನ್ನೂ ಸೀಸನ್‌ಗೆ ಒಪ್ಪಿಸಿಬಿಡೋಣ ಎಂದಲ್ಲ.

ಮೊದಲನೆಯದು ಓದು. ಪ್ರತಿ ವರ್ಷ ನವೆಂಬರ್‌ನಲ್ಲಿ ಒಬ್ಬಿಬ್ಬರು "ಸೀಸನ್ ಮುಗಿಸಿ ಮತ್ತೆ ಸೇರ್ತೀನಿ" ಎಂದು ಕಾಲೇಜು ಬಿಡುತ್ತಾರೆ. ನಮಗೆ ಗೊತ್ತಿರುವಂತೆ ಹಾಗೆ ಬಿಟ್ಟವರಲ್ಲಿ ಮತ್ತೆ ಸೇರಿದವರು ಒಬ್ಬರೇ. ತಂದೆ ತಾಯಂದಿರೇ, ಮನೆಯಲ್ಲಿ ತೊಂದರೆ ಇದ್ದರೆ ದಯವಿಟ್ಟು ಮಗ ಕಾಲೇಜು ಬಿಡುವ ಮುಂಚೆ ನಮಗೆ ಹೇಳಿ, ಬಿಟ್ಟ ಮೇಲೆ ಅಲ್ಲ. ಫೀಸಿನ ವಿಷಯವಾದರೆ ಗುರುಗಳ ಹತ್ತಿರ ನಾವೇ ಬರುತ್ತೇವೆ. ಶನಿವಾರ ಭಾನುವಾರದ ಕೆಲಸ ಹುಡುಕಿಕೊಡುವುದಾದರೆ ನಮ್ಮಲ್ಲಿ ಟ್ಯಾಕ್ಸಿ ಅಂಕಲ್‌ಗಳಿದ್ದಾರೆ, ಹೋಟೆಲಿನ ಅಕ್ಕಂದಿರಿದ್ದಾರೆ.

ಎರಡನೆಯದು ಚಿಕ್ಕ ಮಕ್ಕಳು. ಬೀಚಿನಲ್ಲಿ ಮಣಿಸರ, ಬಳೆ ಹಿಡಿದು ತಿರುಗುವ ಮಕ್ಕಳನ್ನು ಎಲ್ಲರೂ ನೋಡಿದ್ದೇವೆ. ಅವರು ಕನ್ನಡ ಮಾತಾಡುವುದನ್ನು ಕೇಳಿದಾಗ ನಾವು ಬೇಗ ಬೇಗ ಮುಂದೆ ನಡೆಯುತ್ತೇವೆ, ನಮಗೆ ಸಂಬಂಧವಿಲ್ಲ ಎನ್ನುವಂತೆ. 14 ವರ್ಷದೊಳಗಿನ ಮಗುವನ್ನು ಕೆಲಸಕ್ಕೆ ಹಚ್ಚುವುದು ಕಾನೂನಿನ ಪ್ರಕಾರ ಅಪರಾಧ. ಅದಕ್ಕಿಂತ ಮುಖ್ಯ, ಆ ಮಕ್ಕಳು ನಮ್ಮ ಊರಿನವರು. ನಮ್ಮ ಚರ್ಚಿನವರಲ್ಲದೆ ಇರಬಹುದು, ಅದರಿಂದ ಏನೂ ವ್ಯತ್ಯಾಸವಿಲ್ಲ. ಅವರ ಅವ್ವಂದಿರ ಹತ್ತಿರ ಕನ್ನಡದಲ್ಲಿ ಕೂತು ಮಾತಾಡಬಲ್ಲವರು ಈ ಬೀಚಿನಲ್ಲಿ ಯಾರಾದರೂ ಇದ್ದರೆ ಅದು ನಾವೇ. ಶಾಲೆಗೆ ಸೇರಿಸುವ ಕಾಗದಪತ್ರ ತುಂಬಿಕೊಡುವುದಕ್ಕೆ ಬಿಎಸ್ಸಿ ಬೇಕಿಲ್ಲ, ಎರಡು ಗಂಟೆ ಬೇಕು.

ಬೆನಾಲಿಂನ ಸಂತರು ಏನು ಮಾಡಿದರು?

ನಮ್ಮ ಪಕ್ಕದ ಬೆನಾಲಿಂನಲ್ಲಿ 1651ರಲ್ಲಿ ಒಂದು ಮಗು ಹುಟ್ಟಿತು. ಅಲ್ಲಿನ ಸ್ನಾನಿಕ ಯೊವಾನ್ನರ ಚರ್ಚಿನಲ್ಲೇ ಜ್ಞಾನಸ್ನಾನ ಆಯಿತು. ಮುಂದೆ ಸಂತ ಜೋಸೆಫ್ ವಾಜ್ ಆದವರು ಅವರೇ. ಅವರು ಶ್ರೀಲಂಕಾದ ಸಂತರೆಂದು ಎಲ್ಲರಿಗೂ ಗೊತ್ತು. ಅದಕ್ಕೂ ಮುಂಚೆ 1681ರಿಂದ 1684ರವರೆಗೆ ಅವರು ಕೆನರಾದಲ್ಲಿ, ಅಂದರೆ ನಮ್ಮ ಕರ್ನಾಟಕದ ಕರಾವಳಿಯಲ್ಲಿ ಸೇವೆ ಮಾಡಿದರು ಎಂಬುದು ನಮ್ಮ ಮಕ್ಕಳಿಗೆ ಗೊತ್ತಿಲ್ಲ. ಮಂಗಳೂರಿನ ಹತ್ತಿರದ ಮುಡಿಪುವಿನಲ್ಲಿ ಇಂದಿಗೂ ಅವರ ಹೆಸರಿನ ಪುಣ್ಯಕ್ಷೇತ್ರವಿದೆ.

ಆ ಕಾಲದಲ್ಲಿ ಗೋವಾದಿಂದ ಎಷ್ಟೋ ಕುಟುಂಬಗಳು ದಕ್ಷಿಣಕ್ಕೆ ಹೋಗಿ ಕನ್ನಡ ನಾಡಿನಲ್ಲಿ ನೆಲೆಸಿದ್ದವು. ಹೊಸ ನೆಲ, ಹೊಸ ಭಾಷೆ, ಗುರುಗಳ ಕೊರತೆ. ಅವರನ್ನು ಹುಡುಕಿಕೊಂಡು ಈ ಬೆನಾಲಿಂನವರು ಹೋದರು. ಆಮೇಲೆ ಶ್ರೀಲಂಕಾದಲ್ಲಿ ಡಚ್ಚರು ಕಥೋಲಿಕರನ್ನು ಹತ್ತಿಕ್ಕುತ್ತಿದ್ದಾಗ ಬಡ ಕೂಲಿಯವನಂತೆ ವೇಷ ಹಾಕಿಕೊಂಡು ಒಳಗೆ ಹೋದರು. ತಮಿಳು ಕಲಿತರು, ಸಿಂಹಳ ಕಲಿತರು. 1711ರ ಜನವರಿ 16ರಂದು ಕ್ಯಾಂಡಿಯಲ್ಲಿ ತೀರಿಕೊಂಡರು. 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೋದಲ್ಲಿ ಅವರನ್ನು ಸಂತರೆಂದು ಘೋಷಿಸಿದರು.

ಇವರ ಕಥೆ ಇಲ್ಲಿ ಯಾಕೆಂದರೆ, ನಮ್ಮನ್ನು ಇಲ್ಲಿ ಕೆಲವರು ಈಗಲೂ "ಘಾಟಿ" ಎಂದು ಕರೆಯುತ್ತಾರೆ, ಘಟ್ಟದ ಮೇಲಿನಿಂದ ಬಂದವರು ಎಂದು. ಕೇಳಿದಾಗ ಹೊಟ್ಟೆಯೊಳಗೆ ಏನೋ ಆಗುತ್ತದೆ. ಆದರೆ ಆ ದಾರಿಯಲ್ಲಿ ಜನ ಎರಡೂ ಕಡೆ ನಡೆದಿದ್ದಾರೆ. ಗೋವಾದವರು ಅತ್ತ ಹೋದಾಗ ಅವರ ಊರಿನ ಸಂತರು ಅವರಿದ್ದಲ್ಲಿಗೆ ಹೋದರು. ಇತ್ತ ಬಂದ ನಮಗೆ ದೂರ ಹೋಗುವ ಕೆಲಸವೂ ಇಲ್ಲ. ನಮ್ಮವರು ಇರುವುದು ಎರಡು ಕಿಲೋಮೀಟರ್ ಆಚೆ, ಮರಳಿನ ಮೇಲೆ.

ಮುಂದಿನ ತಿಂಗಳುಗಳ ದಿನಗಳು

ಅಕ್ಟೋಬರ್: ಜಪಸರದ ತಿಂಗಳು. ಕೊಲ್ವಾದ ಚರ್ಚಿನಲ್ಲಿ ಯೇಸುಕಂದ ಮೇನಿನೋ ಜೇಜುವಿನ ಫಾಮಾ ಇದೇ ತಿಂಗಳು. ಜಾತಿ ಧರ್ಮ ನೋಡದೆ ಜನ ಸೇರುವ ಹಬ್ಬ ಅದು. ಸಾಲು ಉದ್ದ ಇರುತ್ತದೆ. ನಮ್ಮ ಯುವಜನರು ವಯಸ್ಸಾದವರಿಗೆ ನೀರು ಕೊಡುವ, ಸಾಲಿನಲ್ಲಿ ಕೈಹಿಡಿದು ನಡೆಸುವ ಸೇವೆಗೆ ಹೆಸರು ಕೊಡಬಹುದು. ಜಪಸರ ವಾರಕ್ಕೊಂದು ಮನೆಯಲ್ಲಿ, ಸಂಜೆ 4ಕ್ಕೆ.

ನವೆಂಬರ್ 1: ಸಕಲ ಸಂತರ ಹಬ್ಬ, ಅದೇ ದಿನ ಕನ್ನಡ ರಾಜ್ಯೋತ್ಸವ. ನಮ್ಮ ಮಕ್ಕಳು ಚರ್ಚಿನಲ್ಲಿ ರೋಮನ್ ಅಕ್ಷರದ ಕೊಂಕಣಿ ಓದುತ್ತಾರೆ, ಶಾಲೆಯಲ್ಲಿ ಇಂಗ್ಲಿಷ್ ಓದುತ್ತಾರೆ, ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಆದರೆ ಅಜ್ಜಿಯ ಕನ್ನಡ ಪ್ರಾರ್ಥನಾ ಪುಸ್ತಕ ಓದಲು ಬರುವುದಿಲ್ಲ. ಅಂದಿನಿಂದ ವಾರಕ್ಕೆ ಒಂದು ಗಂಟೆಯ ಕನ್ನಡ ಅಕ್ಷರ ತರಗತಿ ಶುರು. ಕ್ರಿಸ್ತಜಯಂತಿಗೆ ಒಂದು ಮಗು ಗೋದಲಿಯ ಮುಂದೆ ಶುಭಸಂದೇಶವನ್ನು ಕನ್ನಡದಲ್ಲಿ ತಾನೇ ಓದಬೇಕು ಎಂಬುದು ನಮ್ಮ ಆಸೆ. ನವೆಂಬರ್ 2ರಂದು ಸಮಾಧಿಗಳ ಆಶೀರ್ವಾದ.

ನವೆಂಬರ್ 24ರಿಂದ ಡಿಸೆಂಬರ್ 2: ಹಳೆಗೋವಾದಲ್ಲಿ ಸಂತ ಫ್ರಾನ್ಸಿಸ್ ಕ್ಷೇವಿಯರರ ನೊವೇನಾ. ಡಿಸೆಂಬರ್ 3ರಂದು ಹಬ್ಬ. ಬೆಳಗಾವಿ, ಕಾರವಾರದ ಕಡೆಯಿಂದ ನಡೆದೇ ಬರುವ ಭಕ್ತರೂ ಇದ್ದಾರೆ. ಒಂದು ದಿನ ನಾವು ಗುಂಪಾಗಿ ಹೋಗೋಣ. ಶ್ಯಾಕ್‌ನವರಿಗೆ ಅನುಕೂಲವಾಗಲೆಂದು ಬೆಳಗಿನ ಜಾವದ ನೊವೇನಾಕ್ಕೆ ಹೋಗಿ ಎಂಟರೊಳಗೆ ವಾಪಸು ಬರುವ ಹಾಗೆ ವ್ಯಾನ್ ಕೇಳಿದ್ದೇವೆ.

ಡಿಸೆಂಬರ್: ಕ್ಯಾರಲ್ ಮತ್ತು ತಡರಾತ್ರಿಯ ಗೋದಲಿ, ಮೇಲೆ ಹೇಳಿದಂತೆ.

ಜನವರಿ 16: ಸಂತ ಜೋಸೆಫ್ ವಾಜರ ಹಬ್ಬ. ಬೆನಾಲಿಂಗೆ ಸಂಜೆ ನಾಲ್ಕಕ್ಕೆ ನಡೆದು ಹೋಗೋಣ, ಐದೂವರೆಗೆ ಎಲ್ಲರೂ ಕೆಲಸಕ್ಕೆ.

ಜೂನ್ 24ರ ಸಾಂವ್ ಜುಆಂವ್‌ಗೆ, ಬಾವಿಗಳು ತುಂಬಿದಾಗ, ಹೂವಿನ ಕಿರೀಟ ಹಾಕಿಕೊಂಡು ಎಲ್ಲರೂ ಮತ್ತೆ ಒಟ್ಟಿಗೆ ಇರುತ್ತೇವೆ. ಆಗ ನಾವು 22 ಇರುತ್ತೇವೋ 32 ಇರುತ್ತೇವೋ ಎಂಬುದು ಈ ಎಂಟು ತಿಂಗಳಲ್ಲಿ ತೀರ್ಮಾನವಾಗುತ್ತದೆ.

ಊರಿಂದ ಬರುವ ನೆಂಟರಿಗೆ

ಕೊನೆಯದಾಗಿ ಒಂದು ಎಚ್ಚರಿಕೆ. ರಜೆಗೆ ಹುಬ್ಬಳ್ಳಿ, ಗದಗದಿಂದ ಅತ್ತೆ ಮಾವನ ಮಕ್ಕಳು ಬರುತ್ತಾರೆ. ಬಸ್ಸಿಂದ ಇಳಿದ ಕೂಡಲೇ ಸಮುದ್ರ ನೋಡಬೇಕು. ಮಲಪ್ರಭೆಯಲ್ಲಿ ಈಜಿದವರೂ ಸಮುದ್ರಕ್ಕೆ ಹೊಸಬರೇ.

ಮನೆಯ ಹುಡುಗರೇ ಅವರಿಗೆ ಇದನ್ನು ಹೇಳಿಕೊಡಿ. ಕೆಂಪು ಬಾವುಟ ಇದ್ದರೆ ನೀರಿಗೆ ಇಳಿಯುವಂತಿಲ್ಲ. ಕೆಂಪು ಹಳದಿ ಬಾವುಟಗಳ ನಡುವೆ ಮಾತ್ರ ಇಳಿಯಬೇಕು, ಜೀವರಕ್ಷಕರು ನೋಡುತ್ತಿರುವುದು ಆ ಜಾಗವನ್ನೇ. ಅಲೆ ಒಡೆಯದೆ ಶಾಂತವಾಗಿ ಕಾಣುವ ಪಟ್ಟಿ ಸುರಕ್ಷಿತ ಎಂದುಕೊಳ್ಳಬೇಡಿ. ದಡಕ್ಕೆ ಬಂದ ನೀರು ಮರಳ ದಿಬ್ಬಗಳ ನಡುವಿನ ಸಂದಿಯಿಂದ ಜೋರಾಗಿ ವಾಪಸು ಹೋಗುವ ದಾರಿ ಅದಾಗಿರಬಹುದು. ಅದರಲ್ಲಿ ಸಿಕ್ಕಿದರೆ ದಡದ ಕಡೆಗೆ ನೇರವಾಗಿ ಈಜಿ ಸುಸ್ತಾಗಬೇಡಿ. ದಡಕ್ಕೆ ಸಮಾನಾಂತರವಾಗಿ, ಪಕ್ಕಕ್ಕೆ ಈಜಿ, ಸೆಳೆತ ಬಿಟ್ಟ ಮೇಲೆ ದಡಕ್ಕೆ ಬನ್ನಿ. ಆಗದಿದ್ದರೆ ತೇಲುತ್ತಾ ಕೈ ಎತ್ತಿ ಕರೆಯಿರಿ. ಕುಡಿದವರು ಇಳಿಯಬಾರದು. ಸೂರ್ಯ ಮುಳುಗಿದ ಮೇಲೆ ಯಾರೂ ಇಳಿಯಬಾರದು. ಶ್ಯಾಕ್‌ನಲ್ಲಿರುವ ನಮ್ಮ ಹುಡುಗರು ಇದನ್ನು ದಿನಾ ಪ್ರವಾಸಿಗರಿಗೆ ಹೇಳುತ್ತಾರೆ. ಈ ಸಲ ತಮ್ಮ ಮನೆಯವರಿಗೂ ಹೇಳಲಿ.

ಬರುವ ಮಂಗಳವಾರ

ಹಿರಿಯರಲ್ಲಿ ನಮ್ಮ ವಿನಂತಿ ಒಂದೇ. ಈ ಒಂದು ಸೀಸನ್ ನಮಗೆ ಕೊಡಿ. ಮೇ ಕೊನೆಗೆ ಕೂತು ಲೆಕ್ಕ ನೋಡೋಣ. ಮಂಗಳವಾರದ ಅಭ್ಯಾಸಕ್ಕೆ ಭಾನುವಾರಕ್ಕಿಂತ ಕಡಿಮೆ ಜನ ಬಂದಿದ್ದರೆ ನಾವೇ ಹಳೆಯ ವೇಳೆಗೆ ಮರಳುತ್ತೇವೆ, ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ.

ಸೀಸನ್ ಕೆಲಸಕ್ಕೆ ಹೋಗುವ ಅಣ್ಣ ತಮ್ಮ ಅಕ್ಕ ತಂಗಿಯರಿಗೂ ಒಂದು ಮಾತು. ಬರಲಿಲ್ಲವೆಂದು ತಲೆ ತಗ್ಗಿಸಬೇಡಿ. ನಿಮ್ಮ ದುಡಿಮೆಯಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ. ಬರುವ ಮಂಗಳವಾರ ಮಧ್ಯಾಹ್ನ 3.45ಕ್ಕೆ ಮೊದಲ ಅಭ್ಯಾಸ. ಯಾರ ಅಂಗಳ ಎಂದು ಶನಿವಾರದೊಳಗೆ ಮೆಸೇಜ್ ಬರುತ್ತದೆ. ಹಾಗೆಯೇ ಬನ್ನಿ, ಯೂನಿಫಾರ್ಮ್‌ನಲ್ಲೇ.

ಕಳೆದ ಡಿಸೆಂಬರ್‌ನಲ್ಲಿ ಸೈಕಲ್ ತಿರುಗಿಸಿಕೊಂಡು ಹೋದ ತಮ್ಮಾ, ನೀನು ಇದನ್ನು ಓದುತ್ತಿದ್ದರೆ, ಈ ಸಲ ನೀನು ಬರುವತನಕ ಶುರು ಮಾಡುವುದಿಲ್ಲ. ನಿನ್ನ ಪಾಲಿನ ಕೇಕೂ ಇದೆ.

ಪ್ರಭುವಿನ ಶಾಂತಿ ನಿಮ್ಮೆಲ್ಲರೊಂದಿಗಿರಲಿ.